ಮಕ್ಕಳ ವಿದೇಶ ವ್ಯಾಸಂಗದ ವೀಸಾ: ವರ್ತಕರ ಲೆಕ್ಕಪುಸ್ತಕವೇ ಮೊದಲ ಅರ್ಜಿ

ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಜಾತ್ರೆಯನ್ನು ಅರಿಯದ ವರ್ತಕರು ನಮ್ಮ ಭಾಗದಲ್ಲಿ ವಿರಳ. ಕಾವೇರಿ ತಿರುವು ಪಡೆಯುವ ಸ್ಥಳದಲ್ಲಿ, ಬೆಟ್ಟದ ಮೇಲೆ ನೆಲೆಸಿರುವ ಮಲ್ಲಿಕಾರ್ಜುನಸ್ವಾಮಿಯ ದರ್ಶನ ತಲಕಾಡಿನ ಪಂಚಲಿಂಗ ದರ್ಶನದ ಒಂದು ಅಂಗ. ಸಂಕ್ರಾಂತಿ ಕಳೆದ ಮೇಲೆ ನಡೆಯುವ ಅಲ್ಲಿನ ಜಾತ್ರೆಯಲ್ಲಿ ದನಗಳ ಪರಿಷೆಯೂ ಸೇರುತ್ತದೆ. ಇಂತಹ ಪರಿಷೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತು ಮಾಡುವ ಪದ್ಧತಿಯನ್ನು ಹಿರಿಯ ಸದಸ್ಯರು ಬಲ್ಲರು. ಕಾಗದವಿಲ್ಲ, ಸಹಿಯಿಲ್ಲ, ಕೊಟ್ಟ ಮಾತೇ ದಸ್ತಾವೇಜು. ಮುಖಪರಿಚಯವಿರುವ ಕಡೆ ಇಂತಹ ವ್ಯವಹಾರ ಗೌರವದ್ದೇ ಆಗಿದೆ.

ಆದರೆ ನಮ್ಮ ಮಗನೋ ಮಗಳೋ ವಿದೇಶದಲ್ಲಿ ವ್ಯಾಸಂಗ ಮಾಡಲು ವೀಸಾಕ್ಕೆ ಅರ್ಜಿ ಸಲ್ಲಿಸಿದಾಗ, ಅದನ್ನು ಪರಿಶೀಲಿಸುವ ಅಧಿಕಾರಿಗೆ ನಮ್ಮ ಮುಖದ ಪರಿಚಯವಿರುವುದಿಲ್ಲ. ಅವರಿಗೆ ಕಾಣುವುದು ಕಾಗದ ಮಾತ್ರ. ಆ ಕಾಗದಗಳ ಪೈಕಿ ಅತ್ಯಂತ ಮುಖ್ಯವಾದವು ವಿದ್ಯಾರ್ಥಿಯ ಅಂಕಪಟ್ಟಿಯಷ್ಟೇ ಅಲ್ಲ, ತಂದೆಯ ಬ್ಯಾಂಕ್ ಖಾತೆ ಮತ್ತು ಆದಾಯ ತೆರಿಗೆ ರಿಟರ್ನ್ ಕೂಡ ಎಂಬುದನ್ನು ನಮ್ಮ ಬಹುತೇಕ ಸದಸ್ಯರು ಕಡೆಯ ತಿಂಗಳಿನಲ್ಲಿ ತಿಳಿಯುತ್ತಾರೆ. ಈ ಲೇಖನದ ಉದ್ದೇಶ ಅದನ್ನು ಮೂರು ವರ್ಷ ಮೊದಲೇ ತಿಳಿಸುವುದು.

ಒಂದು ಸಹಿಯ ಪ್ರಸಂಗ

2025ರ ಜುಲೈ ತಿಂಗಳಿನಲ್ಲಿ ಮುಡುಕುತೊರೆಯ ಕಡೆಯ ವರ್ತಕರೊಬ್ಬರು ಮಗಳೊಡನೆ ನನ್ನ ಕಚೇರಿಗೆ ಬಂದರು. ಹಾರ್ಡ್‌ವೇರ್ ಮತ್ತು ನೀರಾವರಿ ಪೈಪುಗಳ ಅಂಗಡಿ, ಜೊತೆಗೆ ಮೂರು ಎಕರೆ ನಾಲೆ ನೀರಿನ ಜಮೀನು. ಮಗಳಿಗೆ ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪ್ರವೇಶ ದೊರೆತಿತ್ತು. ಬೋಧನಾ ಶುಲ್ಕ 17,500 ಪೌಂಡ್. ಅದರಲ್ಲಿ 4,000 ಪೌಂಡ್ ಮುಂಗಡ ಕಟ್ಟಿಯಾಗಿತ್ತು.

ಉಳಿದ ಶುಲ್ಕ 13,500 ಪೌಂಡ್. ಲಂಡನ್ನಿನ ಹೊರಗೆ ಓದುವವರಿಗೆ ಆಗ ನಿಗದಿಯಾಗಿದ್ದ ಜೀವನವೆಚ್ಚ ತಿಂಗಳಿಗೆ 1,136 ಪೌಂಡಿನಂತೆ 9 ತಿಂಗಳಿಗೆ 10,224 ಪೌಂಡ್. ಎರಡೂ ಸೇರಿ 23,724 ಪೌಂಡ್. ಪೌಂಡಿಗೆ 117 ರೂಪಾಯಿಯಂತೆ ಹಿಡಿದರೂ ಸುಮಾರು 27 ಲಕ್ಷ 75 ಸಾವಿರ ರೂಪಾಯಿಗಳನ್ನು ಅವರು ಬ್ಯಾಂಕಿನಲ್ಲಿ ತೋರಿಸಬೇಕಾಗಿತ್ತು.

ಅವರಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಅವಧಿ ಠೇವಣಿ ಮತ್ತು ಉಳಿತಾಯ ಖಾತೆಯಲ್ಲಿ ಒಟ್ಟು ಒಂಬತ್ತೂವರೆ ಲಕ್ಷವಿತ್ತು. ಉಳಿದದ್ದು ಪತ್ತಿನ ಸಹಕಾರ ಸಂಘದ ಠೇವಣಿ, ಚೀಟಿ, ಅಂಗಡಿಯ ದಾಸ್ತಾನು ಮತ್ತು ಊರವರಿಂದ ಬರಬೇಕಾದ ಬಾಕಿ. ಕೊರತೆ ತುಂಬಲು ಸ್ನೇಹಿತರೊಬ್ಬರಿಂದ ಒಂದು ತಿಂಗಳ ಮಟ್ಟಿಗೆ ನಗದು ಪಡೆದು ಖಾತೆಗೆ ಹಾಕುವ ಏರ್ಪಾಡನ್ನು ಅವರು ಆಗಲೇ ಮಾಡಿಕೊಂಡಿದ್ದರು. ನನ್ನಿಂದ ಬೇಕಾಗಿದ್ದುದು ಒಂದೂವರೆ ಕೋಟಿ ರೂಪಾಯಿಗಳ ನಿವ್ವಳ ಸಂಪತ್ತಿನ ಪ್ರಮಾಣಪತ್ರ. “ಸಾರ್, ಒಂದೇ ಒಂದು ಸಹಿ. ಮಗುವಿನ ಭವಿಷ್ಯದ ಪ್ರಶ್ನೆ” ಎಂದರು.

ನಾನು ಅವರ ಹಿಂದಿನ ಮೂರು ವರ್ಷಗಳ ರಿಟರ್ನ್‌ಗಳನ್ನು ತೆಗೆದು ಮುಂದಿಟ್ಟೆ. ವಹಿವಾಟು ಸುಮಾರು 60 ಲಕ್ಷ, ಘೋಷಿತ ಆದಾಯ 4 ಲಕ್ಷ 80 ಸಾವಿರ. ಮೂರು ವರ್ಷವೂ ಹೆಚ್ಚುಕಡಿಮೆ ಅದೇ ಅಂಕಿ. ಇಷ್ಟು ಆದಾಯದ ಕುಟುಂಬಕ್ಕೆ ಒಂದೇ ವಾರದಲ್ಲಿ ಹದಿನೆಂಟು ಲಕ್ಷ ಎಲ್ಲಿಂದ ಬಂದಿತೆಂದು ಯಾರಾದರೂ ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಸಂಕೋಚದಿಂದಲೇ ಹೇಳಬೇಕಾದ ಮಾತೆಂದರೆ, ನನ್ನಲ್ಲಿಯೂ ಇರಲಿಲ್ಲ. ಏಕೆಂದರೆ ಆ ರಿಟರ್ನ್‌ಗಳು ನಮ್ಮ ಕಚೇರಿಯಿಂದಲೇ ಹೋಗಿದ್ದವು. “ಶೇ. 8 ತೋರಿಸಿದರೆ ಸಾಕಲ್ಲವೇ?” ಎಂದು ಅವರು ಕೇಳಿದಾಗ ನಿಜವಾದ ಲಾಭ ಎಷ್ಟೆಂದು ನಾವು ಒತ್ತಿ ಕೇಳಿರಲಿಲ್ಲ.

ಶೇ. 8ರ ತಪ್ಪು ತಿಳಿವಳಿಕೆ

ಸಣ್ಣ ವ್ಯಾಪಾರಿಗಳಿಗೆ ಇರುವ ಅಂದಾಜು ಲಾಭದ ತೆರಿಗೆ ಯೋಜನೆಯಲ್ಲಿ ನಗದು ವಹಿವಾಟಿಗೆ ಶೇ. 8, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ವಹಿವಾಟಿಗೆ ಶೇ. 6 ಲಾಭವೆಂದು ತೋರಿಸಲು ಅವಕಾಶವಿದೆ. ಆದರೆ ಇದು ಕನಿಷ್ಠ ಪ್ರಮಾಣ. ವಾಸ್ತವವಾಗಿ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಹೆಚ್ಚಿನ ಮೊತ್ತವನ್ನೇ ಘೋಷಿಸಬೇಕೆಂಬುದು ಕಾನೂನಿನ ಆಶಯ. ನಾವು ಮೊದಲ ಅರ್ಧವನ್ನು ಮಾತ್ರ ಓದಿ, ಉಳಿದರ್ಧವನ್ನು ಮರೆಯುತ್ತೇವೆ.

ಹೀಗೆ ಉಳಿಸಿದ ತೆರಿಗೆ ಕೆಲವು ಸಾವಿರ ರೂಪಾಯಿಗಳು. ಕಳೆದುಕೊಳ್ಳುವುದು ಏನೆಂಬುದು ಮಕ್ಕಳ ವೀಸಾ ಅಥವಾ ಶಿಕ್ಷಣ ಸಾಲದ ಹೊತ್ತಿಗೆ ತಿಳಿಯುತ್ತದೆ. ಬ್ಯಾಂಕಿನ ಸಾಲಾಧಿಕಾರಿಯೂ ವಿದೇಶದ ವೀಸಾ ಅಧಿಕಾರಿಯೂ ನಮ್ಮ ಗಲ್ಲಾಪೆಟ್ಟಿಗೆಯನ್ನು ನೋಡಲು ಬರುವುದಿಲ್ಲ. ನಾವೇ ಸಹಿ ಮಾಡಿದ ಅಂಕಿಯನ್ನು ನಂಬುತ್ತಾರೆ.

ಕೃಷಿ ಆದಾಯದ ಕಥೆಯೂ ಇದೇ. ಅದಕ್ಕೆ ಆದಾಯ ತೆರಿಗೆಯಿಲ್ಲವೆಂಬ ಕಾರಣಕ್ಕೆ ಅನೇಕರು ಅದನ್ನು ರಿಟರ್ನ್‌ನಲ್ಲಿ ಕಾಣಿಸುವುದೇ ಇಲ್ಲ. ಕಬ್ಬಿನ ಹಣ ಕಾರ್ಖಾನೆಯಿಂದ ಬ್ಯಾಂಕಿಗೆ ಬಂದಿರುತ್ತದೆ, ಭತ್ತ ಮಾರಿದ ಚೀಟಿ ಮನೆಯಲ್ಲಿರುತ್ತದೆ, ಪಹಣಿಯಲ್ಲಿ ಬೆಳೆ ನಮೂದಾಗಿರುತ್ತದೆ; ಆದರೂ ರಿಟರ್ನ್‌ನಲ್ಲಿ ಆ ಕಲಂ ಖಾಲಿ. ವಿನಾಯಿತಿ ಇರುವ ಆದಾಯವನ್ನೂ ಪ್ರತಿ ವರ್ಷ ಕ್ರಮವಾಗಿ ತೋರಿಸಿದವರಿಗೆ ಹಣದ ಮೂಲ ಹೇಳುವುದು ಕಷ್ಟವಾಗುವುದಿಲ್ಲ.

ಯಾವುದು ಹಣ, ಯಾವುದು ಹಣವಲ್ಲ

ಬ್ರಿಟನ್ನಿನ ವಿದ್ಯಾರ್ಥಿ ವೀಸಾ ನಿಯಮಗಳನ್ನು ಉದಾಹರಣೆಯಾಗಿ ತೆಗೆದುಕೊಂಡರೆ ನಮ್ಮ ವರ್ತಕರು ಎಡವುವ ಜಾಗಗಳು ಸ್ಪಷ್ಟವಾಗುತ್ತವೆ. ತೋರಿಸಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನವೂ ಅದಕ್ಕಿಂತ ಕೆಳಗೆ ಇಳಿಯಬಾರದು. ಆ 28 ದಿನಗಳ ಕೊನೆಯ ದಿನ ಅರ್ಜಿ ಸಲ್ಲಿಸುವ ದಿನಕ್ಕಿಂತ 31 ದಿನಗಳಿಗೂ ಹಿಂದಿನದಾಗಿರಬಾರದು. ಖಾತೆ ವಿದ್ಯಾರ್ಥಿಯ ಅಥವಾ ತಂದೆತಾಯಿಯ ಹೆಸರಿನಲ್ಲಿರಬೇಕು. ತಂದೆತಾಯಿಯ ಖಾತೆಯಾದರೆ ವಿದ್ಯಾರ್ಥಿಯ ಜನನ ಪ್ರಮಾಣಪತ್ರವನ್ನೂ, ಈ ಹಣವನ್ನು ವ್ಯಾಸಂಗಕ್ಕೆ ಬಳಸಲು ಒಪ್ಪಿಗೆಯಿದೆಯೆಂಬ ಪತ್ರವನ್ನೂ ಲಗತ್ತಿಸಬೇಕು.

ಅಂಗಡಿಯ ಹೆಸರಿನ ಚಾಲ್ತಿ ಖಾತೆ ಇಲ್ಲಿ ತೊಡಕಾಗುತ್ತದೆ. ನಗದು ಸಾಲ ಖಾತೆ ಅಥವಾ ಓವರ್‌ಡ್ರಾಫ್ಟ್‌ನಲ್ಲಿ ಹತ್ತು ಲಕ್ಷದ ಮಿತಿಯಿದೆ ಎಂದರೆ ಹತ್ತು ಲಕ್ಷ ಹಣವಿದೆ ಎಂದರ್ಥವಲ್ಲ. ಅದು ಸಾಲ ಪಡೆಯುವ ಹಕ್ಕು ಮಾತ್ರ. ಷೇರು, ಒಡವೆ, ನಿವೇಶನ, ದಾಸ್ತಾನುಗಳನ್ನು ಅಲ್ಲಿ ಹಣವೆಂದು ಪರಿಗಣಿಸುವುದಿಲ್ಲ. ಹಣಕಾಸು ಸಂಸ್ಥೆ ನಿಯಂತ್ರಣಕ್ಕೆ ಒಳಪಟ್ಟು, ವಿದ್ಯುನ್ಮಾನ ದಾಖಲೆ ಇಟ್ಟು, ವಿಚಾರಿಸಿದಾಗ ಖಚಿತಪಡಿಸುವಂತಿರಬೇಕು. ಆದ್ದರಿಂದ ಊರಿನ ಪತ್ತಿನ ಸಂಘದ ಠೇವಣಿಯನ್ನಾಗಲಿ ಚೀಟಿಯ ಹಣವನ್ನಾಗಲಿ ನಂಬಿ ಕೂರುವುದು ಸರಿಯಲ್ಲ. ಕಾಲ ಇರುವಾಗಲೇ ಅದನ್ನು ವಾಣಿಜ್ಯ ಬ್ಯಾಂಕಿಗೆ ವರ್ಗಾಯಿಸಬೇಕು. ಅವಧಿ ಠೇವಣಿ ನಡೆಯುತ್ತದೆ. ಅಗತ್ಯಬಿದ್ದಾಗ ಅದನ್ನು ಹಿಂಪಡೆಯಬಹುದೆಂಬ ಪತ್ರವನ್ನು ಬ್ಯಾಂಕಿನಿಂದ ಪಡೆದಿಡುವುದು ಲೇಸು.

ಬಂಧುಗಳು ಸಹಾಯ ಮಾಡುವುದಾದರೆ ಅದಕ್ಕೂ ಸರಿಯಾದ ದಾರಿಯಿದೆ. ಸೋದರಮಾವ, ಚಿಕ್ಕಪ್ಪ, ಅತ್ತೆ ಮುಂತಾದವರು ಆದಾಯ ತೆರಿಗೆ ಕಾನೂನಿನ ಪ್ರಕಾರ ಬಂಧುಗಳೇ. ಅವರು ಬ್ಯಾಂಕ್ ಮೂಲಕ ನೀಡುವ ದಾನಕ್ಕೆ ಪಡೆದವರ ಕೈಯಲ್ಲಿ ತೆರಿಗೆಯಿಲ್ಲ. ಸರಳ ದಾನಪತ್ರ ಬರೆಸಿ, ಕೊಟ್ಟವರ ಪ್ಯಾನ್ ಸಂಖ್ಯೆ ನಮೂದಿಸಿ, ಹಣ ಎಷ್ಟೋ ಮುಂಚೆ ಖಾತೆಗೆ ಬರುವಂತೆ ನೋಡಿಕೊಳ್ಳಬೇಕು. ಸ್ನೇಹಿತರ ದಾನ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಅದು ತೆರಿಗೆಗೆ ಒಳಪಡುವ ಆದಾಯ. ಇನ್ನು 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನೇ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಮೇಲೆ ಹೇಳಿದ ವರ್ತಕರ “ಒಂದು ತಿಂಗಳ ಕೈಗಡ” ಈ ಅಪಾಯಕ್ಕೆ ನೇರವಾಗಿ ಸಿಲುಕುತ್ತಿತ್ತು.

ಲೆಕ್ಕಪರಿಶೋಧಕರ ಪ್ರಮಾಣಪತ್ರದ ಬೆಲೆ

ನಿವ್ವಳ ಸಂಪತ್ತಿನ ಪ್ರಮಾಣಪತ್ರ ಎಲ್ಲ ಬಾಗಿಲುಗಳನ್ನೂ ತೆರೆಯುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ. ಬ್ರಿಟನ್ನಿನ ಅರ್ಜಿಯಲ್ಲಿ ಅದು ಬ್ಯಾಂಕ್ ದಾಖಲೆಯ ಸ್ಥಾನವನ್ನು ತುಂಬುವುದೇ ಇಲ್ಲ. ಅಮೆರಿಕದಂತಹ ದೇಶಗಳ ಅರ್ಜಿಯಲ್ಲಿ ಅದು ಕುಟುಂಬದ ಸ್ಥಿತಿಗತಿಯನ್ನು ತಿಳಿಸುವ ಪೂರಕ ಕಾಗದ ಮಾತ್ರ.

2019ರ ಫೆಬ್ರವರಿ 1ರಿಂದ ಸನ್ನದು ಲೆಕ್ಕಪರಿಶೋಧಕರು ನೀಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ 18 ಅಂಕಿ ಮತ್ತು ಅಕ್ಷರಗಳ ಯುಡಿಐಎನ್ ಸಂಖ್ಯೆ ಕಡ್ಡಾಯವಾಗಿದೆ. ಆ ಸಂಖ್ಯೆಯನ್ನು ನಮ್ಮ ಸಂಸ್ಥೆಯ ಜಾಲತಾಣದಲ್ಲಿ ನಮೂದಿಸಿ, ಪತ್ರ ನಿಜವೇ ಎಂಬುದನ್ನು ಜಗತ್ತಿನ ಯಾವ ಮೂಲೆಯಿಂದಲಾದರೂ ಪರೀಕ್ಷಿಸಬಹುದು. ಜಮೀನಿಗೆ ಪಹಣಿ ಮತ್ತು ಮೌಲ್ಯಮಾಪಕರ ವರದಿ, ಮನೆಗೆ ಖಾತೆ ಮತ್ತು ಋಣಭಾರ ಪತ್ರ, ಸಾಲಗಳಿಗೆ ಬ್ಯಾಂಕಿನ ಪತ್ರ, ಇವೆಲ್ಲವನ್ನೂ ನೋಡಿದ ಬಳಿಕವೇ ಸಹಿ ಮಾಡಬೇಕು. ಸದಸ್ಯರು ದಯವಿಟ್ಟು ಇದನ್ನು ಅರಿತು, “ಒಂದು ಸಹಿ” ಎಂದು ಒತ್ತಾಯಿಸಬಾರದು. ಆ ಸಹಿ ಸುಳ್ಳಾದರೆ ಪರಿಶೋಧಕನ ವೃತ್ತಿ ಹೋಗುವುದು ಒಂದು ಕಡೆ. ಮಗುವಿನ ಹೆಸರಿಗೆ ಅಂಟುವ ಕಳಂಕ ಇನ್ನೊಂದು ಕಡೆ.

ಆ ಕಳಂಕ ಸಣ್ಣದಲ್ಲ. ವಂಚನೆ ಸಾಬೀತಾದರೆ ಬ್ರಿಟನ್ 10 ವರ್ಷಗಳವರೆಗೆ ಅರ್ಜಿಗಳನ್ನು ನಿರಾಕರಿಸಬಹುದು. ಕೆನಡಾದಲ್ಲಿ ಸುಳ್ಳು ಮಾಹಿತಿಗೆ 5 ವರ್ಷಗಳ ನಿರ್ಬಂಧವಿದೆ. ಆಸ್ಟ್ರೇಲಿಯಾದಲ್ಲಿ ಸುಳ್ಳು ದಾಖಲೆಗೆ ಸಾಮಾನ್ಯವಾಗಿ 3 ವರ್ಷ. ಅಮೆರಿಕದಲ್ಲಿ ಉದ್ದೇಶಪೂರ್ವಕ ತಪ್ಪು ನಿರೂಪಣೆ ಜೀವಮಾನದ ಅನರ್ಹತೆಗೆ ಕಾರಣವಾಗಬಲ್ಲದು. ಹಣ ಸಾಲದೆಂಬ ನಿರಾಕರಣೆಗೆ ಮರು ಅರ್ಜಿ ಎಂಬ ಪರಿಹಾರವಿದೆ. ಸುಳ್ಳಿನ ನಿರಾಕರಣೆಗೆ ಸುಲಭದ ಪರಿಹಾರವಿಲ್ಲ. 2023ರಲ್ಲಿ ಕೆನಡಾದಲ್ಲಿ ಏಜೆಂಟರು ಒದಗಿಸಿದ್ದ ನಕಲಿ ಪ್ರವೇಶಪತ್ರಗಳು ಬಯಲಿಗೆ ಬಂದಾಗ ಕಷ್ಟಕ್ಕೆ ಸಿಲುಕಿದವರು, ಎಷ್ಟೋ ಮಂದಿ ಏನೂ ಅರಿಯದ ವಿದ್ಯಾರ್ಥಿಗಳು. ಆ ವರ್ಷದ ಡಿಸೆಂಬರ್ 1ರಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ವಿದ್ಯಾಸಂಸ್ಥೆಯೇ ದೃಢಪಡಿಸಬೇಕೆಂಬ ನಿಯಮ ಅಲ್ಲಿ ಬಂದಿತು. ಅರ್ಜಿಯನ್ನು ಯಾರೇ ತುಂಬಿದರೂ ಅದರ ಹೊಣೆ ಅರ್ಜಿದಾರರದೇ. ಖಾಲಿ ನಮೂನೆಗೆ ಸಹಿ ಹಾಕಬಾರದು. ಅರ್ಜಿಯ ಗುಪ್ತಪದ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು.

ಇತರ ದೇಶಗಳ ಲೆಕ್ಕ

ಬ್ರಿಟನ್ನಿನ ಜೀವನವೆಚ್ಚದ ಅಂಕಿ 2025ರ ನವೆಂಬರ್ 11ರಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್ ಎಂದು ಏರಿತು. ಇದಲ್ಲದೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡಿನಂತೆ 2024ರ ಫೆಬ್ರವರಿಯಲ್ಲಿ ನಿಗದಿಯಾಯಿತು. ಆರು ತಿಂಗಳು ಮೀರಿ ಇರುವವರಿಗೆ ಮಾನ್ಯ ಚಿಕಿತ್ಸಾಲಯದಿಂದ ಕ್ಷಯರೋಗ ತಪಾಸಣೆಯ ಪತ್ರವೂ ಬೇಕು.

ಕೆನಡಾದಲ್ಲಿ ಶೀಘ್ರ ವಿಲೇವಾರಿಯ ಯೋಜನೆ 2024ರ ನವೆಂಬರ್ 8ರಂದು ನಿಂತುಹೋಯಿತು. ಅಲ್ಲಿ ಒಬ್ಬ ವಿದ್ಯಾರ್ಥಿ ತೋರಿಸಬೇಕಾದ ಜೀವನವೆಚ್ಚ 2025ರ ಸೆಪ್ಟೆಂಬರ್ 1ರಿಂದ 22,895 ಕೆನಡಾ ಡಾಲರ್ ಆಯಿತು. ಆಸ್ಟ್ರೇಲಿಯಾ 2024ರ ಮೇ 10ರಿಂದ 29,710 ಆಸ್ಟ್ರೇಲಿಯಾ ಡಾಲರ್ ಕೇಳತೊಡಗಿತು. ಅರ್ಜಿ ಶುಲ್ಕವೇ 2025ರ ಜುಲೈ 1ರಿಂದ 2,000 ಡಾಲರ್ ಆಯಿತು. ಜರ್ಮನಿಗೆ ಹೋಗುವವರು ವರ್ಷಕ್ಕೆ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿಡುವ ಪದ್ಧತಿ 2024ರ ಸೆಪ್ಟೆಂಬರಿನಿಂದ ಇದೆ. 2022ರ ನವೆಂಬರ್ 1ರಿಂದ ಭಾರತೀಯರಿಗೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ಈ ಅಂಕಿಗಳು ಆಗಾಗ ಏರುವುದರಿಂದ, ಅರ್ಜಿ ಸಲ್ಲಿಸುವ ವಾರದಲ್ಲಿ ಆಯಾ ಸರ್ಕಾರದ ಜಾಲತಾಣವನ್ನು ಸ್ವತಃ ನೋಡಬೇಕು.

ಅಮೆರಿಕದ ಕ್ರಮ ಬೇರೆ. ಮೊದಲು ವಿಶ್ವವಿದ್ಯಾಲಯ ಹಣಕಾಸಿನ ದಾಖಲೆ ನೋಡಿ ಐ-20 ಪತ್ರ ನೀಡುತ್ತದೆ. ಬಳಿಕ 350 ಡಾಲರ್ ಸೆವಿಸ್ ಶುಲ್ಕ, ಡಿಎಸ್-160 ಅರ್ಜಿ, 185 ಡಾಲರ್ ವೀಸಾ ಶುಲ್ಕ, ಕೊನೆಗೆ ಸಂದರ್ಶನ. ಕರ್ನಾಟಕದವರು ಬಹುಕಾಲದಿಂದ ಇದಕ್ಕಾಗಿ ಚೆನ್ನೈಗೆ ಹೋಗುತ್ತ ಬಂದಿದ್ದಾರೆ. 2025ರ ಜನವರಿ 17ರಂದು ಬೆಂಗಳೂರಿನ ದೂತಾವಾಸ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಅಲ್ಲಿ ಆರಂಭವಾಗಲಿಲ್ಲ. ಆದ್ದರಿಂದ ಸಂದರ್ಶನದ ಸ್ಥಳವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಂದರ್ಶನ ಕೆಲವೇ ನಿಮಿಷಗಳದು. “ತಂದೆಯವರ ಉದ್ಯೋಗವೇನು, ವಾರ್ಷಿಕ ಆದಾಯವೆಷ್ಟು, ಶುಲ್ಕ ಯಾರು ಕಟ್ಟುತ್ತಾರೆ?” ಎಂದು ಕೇಳಿದಾಗ ವಿದ್ಯಾರ್ಥಿ ಹೇಳುವ ಅಂಕಿಯೂ ಕಾಗದದ ಅಂಕಿಯೂ ಒಂದೇ ಆಗಿರಬೇಕು. ಮನೆಯ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡುವ ನಮ್ಮ ಅಭ್ಯಾಸ ಇಲ್ಲಿ ತೊಂದರೆ ಕೊಡುತ್ತದೆ.

ಹೆಸರಿನ ತೊಡಕು

ನಮ್ಮ ಭಾಗದಲ್ಲಿ ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರ ಹಾಕುವುದು ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಮತ್ತೊಂದು. ತಂದೆ ಪಹಣಿಯಲ್ಲಿ ಮಾದಪ್ಪ, ಬ್ಯಾಂಕಿನಲ್ಲಿ ಮಹದೇವಪ್ಪ, ಮಗಳ ಜನನ ಪತ್ರದಲ್ಲಿ ಮಹಾದೇವಪ್ಪ. ಮೂವರೂ ಒಬ್ಬರೇ ಎಂಬುದು ಊರಿಗೆ ಗೊತ್ತು, ಅಧಿಕಾರಿಗೆ ಗೊತ್ತಿಲ್ಲ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ತರಲಾಗದ ಕಡೆ ಪ್ರಮಾಣಪತ್ರ ಮಾಡಿಸಬೇಕು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿ 25ರಂದು ಮೈಸೂರಿನಲ್ಲೇ ಆರಂಭವಾದ್ದರಿಂದ ಈ ಕೆಲಸಕ್ಕೆ ಬೆಂಗಳೂರಿಗೆ ಓಡುವ ಅಗತ್ಯ ಕಡಿಮೆಯಾಗಿದೆ. ಕನ್ನಡದ ದಾಖಲೆಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕೆಂಬುದನ್ನೂ ಮರೆಯಬಾರದು.

ಹಣ ಕಳುಹಿಸುವಾಗ

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬ ವ್ಯಕ್ತಿ ಹಣಕಾಸು ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಶಿಕ್ಷಣಕ್ಕಾಗಿ ಕಳುಹಿಸುವ ಹಣದಲ್ಲಿ ಮೂಲದಲ್ಲೇ ತೆರಿಗೆ ಸಂಗ್ರಹದ ಮಿತಿಯನ್ನು 2025ರ ಏಪ್ರಿಲ್ 1ರಿಂದ 7 ಲಕ್ಷದಿಂದ 10 ಲಕ್ಷಕ್ಕೆ ಏರಿಸಲಾಯಿತು. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸಿದರೆ ಈ ಸಂಗ್ರಹವಿಲ್ಲ. ಸ್ವಂತ ಹಣವಾದರೆ 2025-26ರಲ್ಲಿ 10 ಲಕ್ಷ ಮೀರಿದ ಭಾಗಕ್ಕೆ ಶೇ. 5, 2026ರ ಮುಂಗಡಪತ್ರ ಇದನ್ನು ಶೇ. 2ಕ್ಕೆ ಇಳಿಸಲು ಪ್ರಸ್ತಾಪಿಸಿತು. ಅಂದರೆ 20 ಲಕ್ಷ ಕಳುಹಿಸಿದವರಿಗೆ ಮೊದಲ ದರದಲ್ಲಿ 50,000, ಎರಡನೆಯದರಲ್ಲಿ 20,000 ರೂಪಾಯಿ. ಇದು ನಷ್ಟವಲ್ಲ, ಹಣ ಕಳುಹಿಸಿದವರ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳಿ ಬರುತ್ತದೆ. ಆದ್ದರಿಂದ ರಿಟರ್ನ್ ಸಲ್ಲಿಸುವ ತಂದೆಯ ಅಥವಾ ತಾಯಿಯ ಖಾತೆಯಿಂದಲೇ ಕಳುಹಿಸುವುದು ಅನುಕೂಲ.

ಮುಂದೇನಾಯಿತು

ನಾನು ಸಹಿ ಮಾಡಲಿಲ್ಲ. ತಂದೆಯವರು ಬೇಸರದಿಂದ ಎದ್ದು ನಿಂತರು. ಅದುವರೆಗೆ ಸುಮ್ಮನಿದ್ದ ಮಗಳೇ, “ಅಪ್ಪ, ಸೆಪ್ಟೆಂಬರ್ ಹೋದರೆ ಜನವರಿ ಇದೆ. ಸುಳ್ಳು ಕಾಗದ ಇಟ್ಟುಕೊಂಡು ನಾನು ಹೋಗಲ್ಲ” ಎಂದಳು.

ಪ್ರವೇಶವನ್ನು ಜನವರಿಗೆ ಮುಂದೂಡಿಸಲಾಯಿತು. ಅಂಗಡಿಯ ಖರೀದಿ, ಮಾರಾಟದ ಬಿಲ್ಲುಗಳನ್ನು ಕೂಡಿಸಿ ನೋಡಿದಾಗ ನಿಜವಾದ ಲಾಭ ಘೋಷಿಸಿದ್ದಕ್ಕಿಂತ ಹೆಚ್ಚೆಂದು ಕಂಡಿತು. ಹಿಂದಿನ ಎರಡು ವರ್ಷಗಳಿಗೆ ನವೀಕೃತ (ಅಪ್‌ಡೇಟೆಡ್) ರಿಟರ್ನ್ ಸಲ್ಲಿಸಿ, ತೆರಿಗೆಯನ್ನೂ ಅದರ ಮೇಲಿನ ಹೆಚ್ಚುವರಿ ತೆರಿಗೆಯನ್ನೂ ಕಟ್ಟಿದರು. ಹೀಗೆ ತಪ್ಪು ತಿದ್ದಿಕೊಳ್ಳುವ ಅವಕಾಶವನ್ನು ಕಾನೂನು 2022ರಲ್ಲಿ ಕಲ್ಪಿಸಿತು. 2025ರಲ್ಲಿ ಅದರ ಅವಧಿಯನ್ನು 24ರಿಂದ 48 ತಿಂಗಳಿಗೆ ವಿಸ್ತರಿಸಲಾಯಿತು. ತಡವಾದಷ್ಟೂ ಹೆಚ್ಚುವರಿ ತೆರಿಗೆ ಶೇ. 25ರಿಂದ ಶೇ. 70ರವರೆಗೆ ಏರುತ್ತದೆ. ಇದು ನಿಜವಾದ ಆದಾಯವನ್ನು ತೋರಿಸಲು ಇರುವ ದಾರಿ. ವೀಸಾಕ್ಕಾಗಿ ಇಲ್ಲದ ಆದಾಯವನ್ನು ತೋರಿಸುವುದೂ ಸುಳ್ಳೇ ಆಗುತ್ತದೆ.

ಕೃಷಿ ಆದಾಯವನ್ನೂ ಸೇರಿಸಿ ಸಲ್ಲಿಸಿದ ಆ ವರ್ಷದ ರಿಟರ್ನ್ ಮತ್ತು ಪಟ್ಟಣದ ನಿವೇಶನದ ಇ-ಖಾತೆಯ ಆಧಾರದ ಮೇಲೆ ಬ್ಯಾಂಕು ಮಗಳ ಹೆಸರಿಗೆ 20 ಲಕ್ಷ ರೂಪಾಯಿಗಳ ಶಿಕ್ಷಣ ಸಾಲ ಮಂಜೂರು ಮಾಡಿತು. ಅಷ್ಟರಲ್ಲಿ ಅಗತ್ಯದ ಮೊತ್ತ 24,039 ಪೌಂಡಿಗೆ ಏರಿತ್ತು. ರೂಪಾಯಿಯ ಬೆಲೆಯೂ ಇಳಿದು, ಪೌಂಡಿಗೆ 120ರಂತೆ ಸುಮಾರು 28 ಲಕ್ಷ 85 ಸಾವಿರವಾಯಿತು. ಸಾಲ ಮತ್ತು ಸ್ವಂತ ಠೇವಣಿ ಸೇರಿ ಇಪ್ಪತ್ತೊಂಬತ್ತೂವರೆ ಲಕ್ಷ. ಪ್ರತಿಯೊಂದು ರೂಪಾಯಿಗೂ ಹೇಳಲು ಮೂಲವಿತ್ತು. ವೀಸಾ ಬಂದಿತು. ಒಂದು ಅವಧಿ ತಡವಾಯಿತು, ಖರ್ಚೂ ಹೆಚ್ಚಾಯಿತು. ಆದರೆ ಆ ಹುಡುಗಿ ಯಾವ ಪ್ರಶ್ನೆಗೂ ಹೆದರದೆ ವಿಮಾನ ಹತ್ತಿದಳು.

ಸದಸ್ಯರಿಗೆ ಕಾಲಪಟ್ಟಿ

1. ಮೂರು ವರ್ಷ ಮೊದಲು: ನಿಜವಾದ ಲಾಭವನ್ನೂ ಕೃಷಿ ಆದಾಯವನ್ನೂ ರಿಟರ್ನ್‌ನಲ್ಲಿ ತೋರಿಸಲು ಆರಂಭಿಸಿ. ಮಾರಾಟದ ಹಣ ಬ್ಯಾಂಕಿಗೆ ಬರಲಿ.

2. ಒಂದು ವರ್ಷ ಮೊದಲು: ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ ಮತ್ತು ಹೆಸರಿನ ತಿದ್ದುಪಡಿ ಮುಗಿಸಿ. ನಿವೇಶನದ ಖಾತೆ ಸರಿಪಡಿಸಿ. ಚೀಟಿ, ಸಂಘದ ಠೇವಣಿಗಳನ್ನು ಬ್ಯಾಂಕಿಗೆ ವರ್ಗಾಯಿಸಿ.

3. ಆರು ತಿಂಗಳು ಮೊದಲು: ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿ. ಸಾಮಾನ್ಯವಾಗಿ 7.5 ಲಕ್ಷಕ್ಕಿಂತ ಹೆಚ್ಚಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳುತ್ತವೆ.

4. ಮೂರು ತಿಂಗಳು ಮೊದಲು: ಹಣ ಖಾತೆಯಲ್ಲಿ ನೆಲೆಸಲಿ. ಅಂಗಡಿಯ ತುರ್ತಿಗೆ ಅದನ್ನು ಮುಟ್ಟಬೇಡಿ.

5. ಅರ್ಜಿಯ ವಾರ: ನಿಯಮ, ಶುಲ್ಕ ಮತ್ತು ವಿನಿಮಯ ದರ ಮತ್ತೊಮ್ಮೆ ನೋಡಿ. ಎಲ್ಲ ಕಾಗದಗಳ ಅಂಕಿ ಹಾಗೂ ಹೆಸರು ತಾಳೆಯಾಗುವುದನ್ನು ವಿದ್ಯಾರ್ಥಿಯೇ ಪರೀಕ್ಷಿಸಲಿ.

ಬಾಯಾರಿದಾಗ ಬಾವಿ ತೋಡುವುದು ನಮ್ಮ ವರ್ತಕರ ಸ್ವಭಾವವಲ್ಲ. ಹಬ್ಬಕ್ಕೆ ಮೂರು ತಿಂಗಳು ಮೊದಲೇ ಸರಕು ತರಿಸುವವರು ನಾವು. ಮಕ್ಕಳ ವಿಷಯದಲ್ಲಿಯೂ ಅದೇ ಮುಂದಾಲೋಚನೆ ಇರಲಿ. ನಿಮ್ಮ ಮನೆಯಲ್ಲಿ ಪಿಯುಸಿ ಅಥವಾ ಪದವಿಯ ಮೊದಲ ವರ್ಷದಲ್ಲಿ ಓದುತ್ತಿರುವ ಮಗುವಿದ್ದರೆ, ಈ ತಿಂಗಳೇ ನಿಮ್ಮ ಹಿಂದಿನ ಮೂರು ರಿಟರ್ನ್‌ಗಳನ್ನು ತೆಗೆದು, ಅವುಗಳಲ್ಲಿರುವ ಆದಾಯದಿಂದ ಆ ಮಗುವನ್ನು ಓದಿಸಲು ಸಾಧ್ಯವೇ ಎಂದು ಪರಕೀಯನ ಕಣ್ಣಿನಿಂದ ಒಮ್ಮೆ ನೋಡಿ. ಉತ್ತರ “ಇಲ್ಲ” ಎಂದಾದರೆ ನಿಮ್ಮ ಲೆಕ್ಕಪರಿಶೋಧಕರನ್ನು ಈಗಲೇ ಕಾಣಿರಿ. ನಿಮ್ಮನ್ನು ಕೇಳಬೇಕಾದ ಪ್ರಶ್ನೆಯನ್ನು ಅವರೂ ಕೇಳದೆ ಬಿಟ್ಟಿರಬಹುದು.